ಹಳ್ಳವನ್ನು ಕೆಂಪು ಮಾಡಿದವಳ ವಿವರಣೆ

ಪರಿಸರ ಕಾಯುವ ಹುದ್ದೆಯಲ್ಲಿರುವ ಮಾನ್ಯರೇ,

ಬನಹಟ್ಟಿಯ ಹೊರಗಿನ ಹಳ್ಳಕ್ಕೆ ಮೊನ್ನೆ ಬೆಳಿಗ್ಗೆ ಕೆಂಪು ಬಣ್ಣ ಸುರಿದವಳು ನಾನೇ. ಜಿಲೇಬಿಗೆ ಹಾಕುವ ಬಣ್ಣ, ಎರಡು ಡಬ್ಬಿ. ಮಧ್ಯಾಹ್ನವೇ ತಮ್ಮ ನೋಟಿಸ್ ಬಂತು. ತಿಳಿನೀರಿನಲ್ಲೇ ವಿಷವಿದೆ ಎಂದು ನಾನು ಬರೆದ ಮೂರು ಪತ್ರಗಳಿಗೆ ಹತ್ತೊಂಬತ್ತು ದಿನ ಉತ್ತರವಿರಲಿಲ್ಲ. ತಮ್ಮ ಕಚೇರಿಯ ಕಣ್ಣಿಗೆ ಬಣ್ಣವೊಂದೇ ಬೀಳುತ್ತದೆಯೇ? ಕೇಳಿದ ವಿವರಣೆಯನ್ನು ಊರೆಲ್ಲ ಓದಲೆಂದು ಈ ಬಹಿರಂಗ ಪತ್ರದಲ್ಲಿ ಕೊಡುತ್ತಿದ್ದೇನೆ.

ನೂಲಿಗೆ ಬಣ್ಣ ಹಾಕುವವರ ಕೊಳೆನೀರು ಬಂದು ಸೇರುವ ಶುದ್ಧೀಕರಣ ಘಟಕದಲ್ಲಿ ಆರು ವರ್ಷಗಳಿಂದ ನಾನು ಆಪರೇಟರ್. ಅಲ್ಲಿ ದುಡಿಯುವುದು ಬ್ಯಾಕ್ಟೀರಿಯಾ. ಮೊದಲ ತೊಟ್ಟಿಯಲ್ಲಿ, ಗಾಳಿಯಿಲ್ಲದ ಕತ್ತಲಲ್ಲಿ, ಅವು ಬಣ್ಣವನ್ನು ಮುರಿಯುತ್ತವೆ. ಮುರಿದ ಚೂರುಗಳಿಗೆ ಬಣ್ಣವಿಲ್ಲ, ವಿಷವಿದೆ. ಅವನ್ನು ತಿಂದು ಮುಗಿಸುವ ಬೇರೆ ಬ್ಯಾಕ್ಟೀರಿಯಾ ಎರಡನೆಯ ತೊಟ್ಟಿಯಲ್ಲಿ. ಅವಕ್ಕೆ ಹಗಲಿರುಳು ಗಾಳಿ ಬೇಕು. ಕಳೆದ ತಿಂಗಳು ತಾವು ಬಂದು, ಮೊದಲ ತೊಟ್ಟಿಯ ನೀರನ್ನು ಗಾಜಿನ ಲೋಟದಲ್ಲಿ ಬಿಸಿಲಿಗೆ ಹಿಡಿದು, "ಇಷ್ಟ ಸ್ವಚ್ಛ ಇದ್ದ ಮ್ಯಾಲ ಗಾಳಿ ಮಷೀನ್ ಯಾಕ್ರಿ? ಬಂದ್ ಮಾಡ್ರಿ" ಎಂದಿರಿ. ನಾನು ಬೇಡವೆಂದೆ. "ಭಾಳ ಓದೀರಿ ಅಂತ ಕಾಣಸ್ತದ" ಎಂದು ನಕ್ಕಿರಿ. ಯಂತ್ರ ಬಂದ್ ಮಾಡಿಸಿ, ಕರೆಂಟ್ ಉಳಿಸಿದ್ದಕ್ಕೆ ಘಟಕದ ತಪಾಸಣೆ ಪುಸ್ತಕದಲ್ಲಿ ಮೆಚ್ಚುಗೆಯನ್ನೂ ಬರೆದು ಹೋದಿರಿ. ನಾಲ್ಕೇ ದಿನಕ್ಕೆ ಎರಡನೆಯ ತೊಟ್ಟಿಯ ತಳದ ಕೆಸರು ಕಪ್ಪಾಗಿ ನಾರತೊಡಗಿತು. ತಿನ್ನಬೇಕಾದವು ಸತ್ತಿದ್ದವು. ಮೇಲಿನ ನೀರು ಮಾತ್ರ ವಿಷ ಹೊತ್ತು, ತಿಳಿಯಾಗಿಯೇ ಹಳ್ಳಕ್ಕೆ ಹರಿಯುತ್ತಿತ್ತು.

ಹಳ್ಳದ ದಂಡೆಯಲ್ಲಿ ಕುರಿ ಮೇಯಿಸುವ ಗಿರಮಲ್ಲಪ್ಪನಿಗೆ ಇದು ಹೇಗೆ ತಿಳಿಯಬೇಕು? ಜನವರಿಯಲ್ಲಿ ಅವನು, "ನೀರ ತಿಳಿ ಆಗೇತಲ್ರಿ ಅಕ್ಕಾರ, ಕುರಿಗೆ ಕುಡಸಬಹುದೇನ್ರಿ?" ಎಂದು ಕೇಳಿದ್ದ. ಎರಡೂ ತೊಟ್ಟಿ ಸರಿಯಿದ್ದ ಧೈರ್ಯದ ಮೇಲೆ ಹೂಂ ಅಂದಿದ್ದೆ. ಗಾಳಿ ನಿಂತ ದಿನವೇ ಅವನನ್ನು ಹುಡುಕಿಕೊಂಡು ಹೋಗಬೇಕಿತ್ತು. ತಮ್ಮ ಉತ್ತರಕ್ಕೆ ಕಾಯುತ್ತ ಕುಳಿತೆ. ಆ ತಪ್ಪು ನನ್ನದು. ಅದನ್ನು ತಮ್ಮ ಮೇಲೆ ಹೊರಿಸುವುದಿಲ್ಲ.

ಒಂದೇ ವಾರದಲ್ಲಿ ಹದಿನಾಲ್ಕು ಕುರಿ ಸತ್ತವು, ಬೀರಪ್ಪ ದೇವರಿಗೆ ಬಿಟ್ಟಿದ್ದ ಟಗರೂ ಅದರಲ್ಲಿತ್ತು. ಪಶುವೈದ್ಯ ನೀಲಕಂಠ ಅವರು ಕೊಯ್ದು ನೋಡಿದರೆ ರಕ್ತ ಚಹಾದಂತೆ ಕಂದುಬಣ್ಣಕ್ಕೆ ತಿರುಗಿತ್ತು. ಗಿರಮಲ್ಲಪ್ಪ ಬೈಯಲಿಲ್ಲ. "ನೀವ ಹೂಂ ಅಂದಿದ್ರಿ" ಎಂದ, ಅಷ್ಟೇ. ಅವನ ಹೆಂಡತಿ ಸುಂದರವ್ವ ನನ್ನನ್ನು ಕರೆದೊಯ್ದು ಹಳ್ಳದ ಮರಳಿನಲ್ಲಿ ತೋಡಿದ ವರತಿಯನ್ನು ತೋರಿಸಿದಳು. ಬೋರ್ ಬತ್ತಿದ ಮೇಲೆ ಮನೆಮಂದಿ ಕುಡಿಯುತ್ತಿರುವುದು ಆ ಗುಂಡಿಯ ನೀರು.

"ಕಾಸಿ, ಸೋಸಿ ಕುಡೀತೇವ್ರಿ. ಕಾಸಿದ್ರ ಹೋಗತೈತಲ್ರಿ?"

ಕಾಸಿದರೆ ಅದು ಹೋಗುವುದಿಲ್ಲ, ಮಾನ್ಯರೇ. ಹಾಗೆಂದು ಹೇಳುವಾಗ ನಾನು ಅವಳ ತುಟಿಗಳನ್ನೇ ನೋಡುತ್ತಿದ್ದೆ. ರಕ್ತ ಕೆಡಿಸುವ ಈ ವಿಷ ಮೊದಲು ತುಟಿಯಲ್ಲೇ ಕಾಣುತ್ತದೆ; ಅವು ನೀಲಿಗಟ್ಟಿದ್ದವು. ಮರುದಿನ ಬೆಳಿಗ್ಗೆ ಬಣ್ಣ ಸುರಿದೆ. ಅಂದಿನಿಂದ ಹಳ್ಳಕ್ಕೆ ಯಾರೂ ಕೊಡ ಹಿಡಿದು ಬಂದಿಲ್ಲ.

ಗಾಳಿ ಯಂತ್ರ ಇಂದೇ ಓಡಬೇಕು. ಆದೇಶ ಹೊರಡಿಸಿದರೆ ಸತ್ತ ಬ್ಯಾಕ್ಟೀರಿಯಾ ಎದ್ದು ಬರುವುದಿಲ್ಲ. ಹೊಸದನ್ನು ತಂದು ಬಿಟ್ಟು ಬೆಳೆಸಲು ತಿಂಗಳು ಬೇಕು. ಅಲ್ಲಿಯವರೆಗೆ ಒಂದು ಹನಿಯೂ ಹೊರಗೆ ಹರಿಯಕೂಡದು. ದಂಡೆಯ ಮನೆಗಳಿಗೆ ಟ್ಯಾಂಕರ್ ಕಳಿಸಿ. ಸುಂದರವ್ವನ ಮನೆಯವರ ರಕ್ತ ಪರೀಕ್ಷೆ ಮಾಡಿಸಿ, ಕುರಿಗಳ ರಕ್ತ ನೋಡಿದಷ್ಟು ತಡವಾಗಿ ಬೇಡ. ಆಮೇಲೆ ನನ್ನನ್ನು ಕೆಲಸದಿಂದ ತೆಗೆಯಿರಿ.

ನಾನು ಸುರಿದ ಬಣ್ಣ ನಾಳೆ ಸಂಜೆಯೊಳಗೆ ಹರಿದುಹೋಗುತ್ತದೆ. ಹಳ್ಳ ಮತ್ತೆ ತಿಳಿಯಾಗುತ್ತದೆ. ಅದಕ್ಕೂ ಮೊದಲು ಬನ್ನಿ.

ಇಂತಿ,
ಇನ್ನೊಂದು ಡಬ್ಬಿ ಉಳಿಸಿಕೊಂಡಿರುವ,
ರಸಿಕಾ