ಬಂದಿದ್ದಾಳಾ

ಮಂಗಳವಾರ, ಜೂನ್ 3

ಕರೆಂಟು ಬಂದ ಮೇಲೆ ಮೋಟಾರು ಹಾಕಿದೆ. ಮೇಲಿನ ಮನೆ ಇನ್ನೂ ಖಾಲಿ. ಟು-ಲೆಟ್ ಬೋರ್ಡು ಬಿಸಿಲಿಗೆ ಮಾಸಿತ್ತು, ನನ್ನ ನಂಬರಿನ ಮೇಲೆ ಮತ್ತೆ ಬಣ್ಣ ತಿದ್ದಿದೆ.

ಮೊಮ್ಮಗಳು ಅರ್ಪಿತ ಬಂದು ವಾರವಾಯಿತು. ಬಿಟಿಎಂ ಲೇಔಟಿನಲ್ಲಿ ಆ ಭಾರ್ಗವನ ಜೊತೆ ಇದ್ದವಳು. ಹದಿನೆಂಟು ತುಂಬಿದ್ದೇ ಹೋದಳು. ಹತ್ತೊಂಬತ್ತಕ್ಕೆ ಎಡಗೈಗೆ ಕಟ್ಟು ಹಾಕಿಸಿಕೊಂಡು ಬಂದಳು. ಬಿದ್ದೆ ಅನ್ನುತ್ತಾಳೆ. ಮಗ ಕೆಂಪರಾಜು "ಯಾರೂ ಏನೂ ಕೇಳ್ಬೇಡಿ" ಎಂದಿದ್ದಾನೆ. ಸರಿ. ಊಟ ಆಯ್ತಾ ಅಂತಲೂ ಕೇಳಬಾರದೇ? ಕೇಳಿದೆ. ತಟ್ಟೆ ಎತ್ತಿ, ನನ್ನ ಕಡೆ ಓರೆ ಮಾಡಿ ತೋರಿಸಿದಳು. ಆಮೇಲೆ ಮುಖ ಸಣ್ಣಗಾಯಿತು.

ಗುರುವಾರ, ಜೂನ್ 5

ಅವಳೇ ಹೇಳಿದಳು. ಭಾರ್ಗವ ಕಾಲೇಜಿಗೂ ವಿಡಿಯೋ ಕಾಲ್ ಮಾಡುತ್ತಿದ್ದನಂತೆ. ಊಟ ಆಯ್ತಾ? ತಟ್ಟೆ ತೋರ್ಸು. ಎದುರಿಗೆ ಯಾರು, ತೋರ್ಸು. ಫೋನು ಸುತ್ತ ತಿರುಗಿಸಬೇಕು.

"ಮೊದ್ಮೊದ್ಲು ಎಷ್ಟ್ ಕೇರ್ ಮಾಡ್ತಾನೆ ಅನ್ಕೊಂಡಿದ್ದೆ ತಾತ."

ಇನ್ನು ಊಟ ಆಯ್ತಾ ಅನ್ನುವ ಮಾತು ಬೇಡ ಎಂದುಕೊಂಡೆ. ನಾಲಿಗೆಗೆ ಬೇರೆ ಏನು ಗೊತ್ತು? ಮಧ್ಯಾಹ್ನ "ಮುದ್ದೆ ಇಳೀತಾ ಅವ್ವ?" ಅಂದೆ.

"ಮುದ್ದೆ ಇಳಿಯುತ್ತೆ ತಾತ. ನಿಮ್ ಸಾರೇ ಇಳಿಯಲ್ಲ."

ನಗಲಿಲ್ಲ. ಆದರೂ ಅಂದಳಲ್ಲ.

ಬುಧವಾರ, ಜೂನ್ 11

ಬೋರ್ಡು ನೋಡಿದೆ ಅಂತ ಒಂದು ಫೋನು. ಎಳೆ ದನಿ, ಒಳ್ಳೆ ಮರ್ಯಾದೆ.

"ಸಾರ್, ಮನೆ ಖಾಲಿ ಇದೆಯಂತಲ್ಲ?"

"ಸಾರ್ ಗೀರ್ ಬೇಡಪ್ಪ. ತಾತ ಅನ್ನು."

"ಕೆಳಗಡೆ ನೀವೇ ಇರೋದಾ ತಾತ? ಫ್ಯಾಮಿಲಿನಾ?"

ಮನೆ ಕೊಡುವವನು ಇಷ್ಟು ಹೇಳಲೇಬೇಕಲ್ಲ. "ಮಗ, ಸೊಸೆ, ನಾನು. ಈಗ ಮೊಮ್ಮಗ್ಳೂ ಬಂದವ್ಳೆ."

"ಬಂದಿದ್ದಾಳಾ?" ಎಂದ. "ನಾಳೆ ಬೆಳಿಗ್ಗೆ ಬಂದು ನೋಡ್ತೀನಿ ತಾತ."

ಆಮೇಲೆ ಕಾಫಿ ಕುಡಿಯುತ್ತಿದ್ದೆ. ಲೋಟ ಅರ್ಧದಲ್ಲಿ ನಿಂತಿತು. ಮನೆ ಕೇಳಿಕೊಂಡು ಬರುವವರು 'ಬಂದಿದ್ದಾರಾ' ಅನ್ನುತ್ತಾರೆ. ಕಂಡರಿಯದ ಹೆಣ್ಣುಮಗಳನ್ನು ಏಕವಚನದಲ್ಲಿ ಯಾರು... ಹೆಸರನ್ನೂ ಕೇಳಲಿಲ್ಲ ನಾನು. ವಾಪಸ್ ಮಾಡಿದರೆ ಸ್ವಿಚ್ ಆಫ್.

ಅರ್ಪಿತಳಿಗೆ ಹೇಳಿದೆ. ನಂಬರು ಗೊತ್ತಿಲ್ಲ ಎಂದಳು. "ಆದ್ರೆ ಅವ್ನೇ ತಾತ." ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬಂದು ಅಳ್ತಾನೆ. ಅತ್ರೆ ನಾನು ಹೋಗ್ಬಿಡ್ತೀನಿ. ಹೋದ್ಸಲಾನೂ ಹಂಗೇ ವಾಪಸ್ ಹೋಗಿದ್ದು."

ಗುರುವಾರ, ಜೂನ್ 12, ಬೆಳಿಗ್ಗೆ

ಬರೆಯದೆ ಕೂರಲು ಆಗುತ್ತಿಲ್ಲ. ಬಂದವನು ಅವನೇ, ಭಾರ್ಗವ. ಕೆಂಪರಾಜು ಕೆಲಸಕ್ಕೆ ಹೋಗದೆ ಗೇಟಿಗೆ ನಿಂತಿದ್ದ, "ಮನೆ ಕೊಡಲ್ಲ, ನಡಿ" ಎಂದ. ಹೋಗಿಲ್ಲ. ಎದುರು ಬೇಕರಿ ಮುಂದೆ ಬೈಕು ನಿಲ್ಲಿಸಿಕೊಂಡು ಅಳುತ್ತಿದ್ದಾನೆ. "ಅಪ್ಪೂ, ಒಂದೇ ನಿಮಿಷ ಬಾ." ಅರ್ಪಿತಳನ್ನು ಹಾಗೆ ಕರೆಯುತ್ತಾನೆ. ಅಳು ನಿಜವೇ ಇರಬಹುದು. ಅದೇ ನನಗೆ ಭಯ.

ಅರ್ಪಿತ ಎದ್ದಳು. ಬಾಗಿಲಿನವರೆಗೆ ಹೋಗಿದ್ದಾಳೆ. ಚಿಲಕದ ಮೇಲೆ ಕೈ. ತಡೆಯಲೇ? ತಡೆದರೆ ನಾನೂ ಅವನ ಹಾಗೆಯೇ...

ಕೈ ತೆಗೆದಳು. ಪೊಲೀಸಿನವರಿಗೆ ಫೋನು ಮಾಡಿದ್ದಾಳೆ. ತನ್ನ ಹೆಸರು ಹೇಳಿದಳು, ಅವನದೂ. "ಬಿದ್ದಿದ್ದಲ್ಲ ಮೇಡಂ. ಅವ್ನೇ ಕೈ ತಿರುಚಿದ್ದು." ದನಿ ನಡುಗುತ್ತಿದೆ, ಮಾತು ನಿಂತಿಲ್ಲ.

"ತಾತ, ಗಾಡಿ ನಂಬರ್ ಬರ್ಕೊಳ್ಳಿ."

ಅಷ್ಟು ದೂರ ನನ್ನ ಕಣ್ಣಿಗೆ ಕಾಣದು. ಬಂದಾಗಿನಿಂದ ಬೀದಿ ನೋಡದವಳು ತಾನೇ ಕಿಟಕಿಗೆ ಬಂದು, ಪರದೆ ಸರಿಸಿ, ಒಂದೊಂದೇ ಓದುತ್ತಿದ್ದಾಳೆ. ಇಲ್ಲೇ ಬರೆದುಕೊಳ್ಳುತ್ತಿದ್ದೇನೆ: ಕೆಎ 05, ಎಚ್...