ನೆಟ್ಟಗಾದ ಕಣ್ಣು

ಮಹಾಜನಗಳೇ! ಅಕ್ಕತಂಗಿಯರೇ! ನೊಂದ ಬಂಧುಗಳೇ!

ತಡಿಯೇ, ಬಾಯಿಗೆ ಅಭ್ಯಾಸವಾಗಿಬಿಟ್ಟಿದೆ. ಇದನ್ನು ಬರೆಯುತ್ತಿರುವುದು ನಿನಗೊಬ್ಬಳಿಗೇ. ಹೊರಗಿನಿಂದ ಬೀಗ ಜಡಿದಿದ್ದ ಬಟ್ಟೆ ಕಾರ್ಖಾನೆಯಲ್ಲಿ ನೀನು ಸುಟ್ಟುಹೋದೆ. ಇಸ್ತ್ರಿ ಅಂಗಡಿಯ ನಿನ್ನ ಗಂಡ ಊರಿಗೆಲ್ಲ ನಾಯಕನಾಗಿಬಿಟ್ಟ!

ಇವತ್ತು ಮಗಳನ್ನೂ ಕರೆದುಕೊಂಡು, ನಿನ್ನ ಪ್ರತಿಮೆ ನೋಡಲು ಶಿಲ್ಪಿಯ ಶೆಡ್ಡಿಗೆ ಹೋಗಿದ್ದೆ. ಆಹಾ, ಏನು ನಿಲುವು! ಏನು ಗತ್ತು! ಆದರೆ ನಿನ್ನ ಮೆಳ್ಳೆಗಣ್ಣು ನೆಟ್ಟಗಾಗಿತ್ತು.

"ಈ ಕಣ್ಣು ಸರಿಮಾಡಿ" ಎಂದೆ.

ನಮ್ಮ ಹೋರಾಟ ಸಮಿತಿಯ ಕಾರ್ಯದರ್ಶಿ ನನ್ನ ಹೆಗಲ ಮೇಲೆ ಕೈಹಾಕಿದ. "ಸರಿಮಾಡಿರೋದೇ ಇದು, ಅಣ್ಣ. ಮೆಳ್ಳೆಗಣ್ಣಿಗೆ ಯಾರು ಅಳ್ತಾರೆ ಹೇಳು? ಜನ ಅಳ್ಲಿಲ್ಲ ಅಂದ್ರೆ ಆ ಮಾಲೀಕ ಮೀಸೆ ತಿರುವ್ಕೊಂಡು ಜೈಲಿಂದ ಆಚೆ ಬರ್ತಾನೆ."

ಅಷ್ಟರಲ್ಲಿ ಮಗಳು ನನ್ನ ಅಂಗಿ ಜಗ್ಗಿದಳು.

"ಅಪ್ಪಾ, ಈ ಆಂಟಿ ಯಾರು? ಎಷ್ಟು ಚೆನ್ನಾಗಿದಾರೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ ಕಣೇ, ಕೊನೆಯ ಸಾಲಿನವರಿಗೂ ಕೇಳಿಸುವಷ್ಟು ಜೋರಾಗಿ.

ನಾಳೆ ಬೆಳಿಗ್ಗೆ ಪ್ರತಿಮೆಯ ಮುಸುಕು ತೆಗೆಯುವವನು ನಾನೇ. ತೆಗೆದು, ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಎದೆ ಬಡಿದುಕೊಂಡು ಕೂಗುತ್ತೇನೆ: "ಅಯ್ಯೋ, ಅವಳೇ ಬಂದು ನಿಂತಂಗಿದೆ!"