ಕುಣಿಮಗ್ಗದ ಕಾಲದ ಊಟ

ಕಾಂಚನಾನ ಅಪ್ಪಾರ,

ಅವ್ವನ್ನ ನೋಡಾಕ ಮುಧೋಳಕ್ಕ ಹೊಂಟೇನಿ, ಸಂಜಿಕ ಬರ್ತೇನಿ. ಬಿ.ಪಿ. ಗುಳಿಗಿ ಚಾದ ಕಪ್ಪಿನ ಬಾಜೂಕ ಇಟ್ಟೇನಿ, ಮೊದಲ ಅದನ್ನ ನುಂಗ್ರಿ.

ರೊಟ್ಟಿ, ಹೆಸರಕಾಳ ಪಲ್ಯ ಬುಟ್ಟ್ಯಾಗ ಅದಾವ. ಉಪ್ಪಿನಕಾಯಿ ಭರಣಿ ಹುಡುಕಬ್ಯಾಡ್ರಿ, ಬಾಜೂ ಮನಿಯವರಿಗೆ ಕೊಟ್ಟೇನಿ. ತಂಬಾಕದ ಚಂಚಿ ನನ್ನ ಕೈಚೀಲದಾಗ ಐತಿ. ಸಿಟ್ಟು ಬಂದ್ರ ಬರಲಿ.

ಕುಣಿಮಗ್ಗದ ತಗ್ಗಿನ್ಯಾಗ ಕಾಲ ಇಳಿಬಿಟ್ಟು ದಿನಾ ತುಳೀತಿದ್ರಿ, ಎಷ್ಟು ಉಂಡ್ರೂ ಕರಗತಿತ್ತು. ಈಗ ಪಾವರ್‌ಲೂಮಿನ ಬಟನ್ ಒತ್ತಿ ಕುರ್ಚಿ ಮ್ಯಾಲೆ ಕುಂದರ್ತೀರಿ, ಊಟ ಮಾತ್ರ ಕುಣಿಮಗ್ಗದ್ದ! ನಿಮ್ಮಣ್ಣಾರೂ ಹಿಂಗ ಇದ್ರು. ಎದಿ ಹಿಡದಾಗ ಗ್ಯಾಸ್ ಅಂತ ಸೋಡಾ ಕುಡದು ಮಲಗಿದವರು ಏಳಲೇ ಇಲ್ಲ. ನಿಮಗ ಹಂಗೇನರ ಆದ್ರ ಸೋಡಾ ಅಲ್ಲ, ಸೀದಾ ದವಾಖಾನಿ.

ಸಂಜಿಕ ಬಸ್ ಸ್ಟ್ಯಾಂಡಿಗೆ ನಡಕೋತ ಬರ್ರಿ, ಗಾಡಿ ತರಬ್ಯಾಡ್ರಿ. ಲಗ್ನಾದ ಹೊಸದಾಗ ಸೀರಿ ಗಂಟು ಹೆಗಲಿಗೆ ಹಾಕ್ಕೊಂಡು ರಬಕವಿ ಪ್ಯಾಟಿಗೆ ಹೊಂಟ್ರ, ನಿಮ್ಮ ಹಿಂದ ನಾ ಓಡ್ತಿದ್ದೆ. "ನಿಂದರ್ರಿ" ಅಂದ್ರೂ ಕೇಳ್ತಿದ್ದಿಲ್ಲ. ಈಗ ನಿಮಗ ದಮ್ಮು ಹತ್ತಿದ್ರ ನಾ ನಿಂದರ್ತೇನಿ. ನನ್ನ ಬಿಟ್ಟು ಮುಂದ ಮಾತ್ರ ಹೋಗಬ್ಯಾಡ್ರಿ.